ಗೋಳಗುಮ್ಮಟದಲ್ಲಿ ಮೂಲೆ ಎಲ್ಲಿ ಹೋಯ್ತು?

ಪ್ರಶ್ನೆ: ಸರ್, ದಸರಾ ರಜೆಯಲ್ಲಿ ಮನೆಯವರೆಲ್ಲ ವಿಜಯಪುರಕ್ಕೆ ಹೋಗಿದ್ವಿ. ಗೋಳಗುಮ್ಮಟದ ಪಿಸುಗುಟ್ಟೋ ಗ್ಯಾಲರಿಯಲ್ಲಿ ನಿಂತಿದ್ದಾಗ ಏಳನೇ ಕ್ಲಾಸಿನ ಮಗಳು "ಅಪ್ಪಾ, ಕೆಳಗೆ ಚೌಕ ಇದೆ, ಮೇಲೆ ರೌಂಡ್ ಇದೆ, ಮಧ್ಯದಲ್ಲಿ ನಾಲ್ಕು ಮೂಲೆ ಎಲ್ಲಿ ಹೋಯ್ತು?" ಅಂತ ಕೇಳಿದ್ಲು. ಗೈಡ್ ನಕ್ಕು ಸುಮ್ನಾದ, "ಒಂದೂ ಕಂಬ ಇಲ್ಲ, ಪ್ರಪಂಚದಲ್ಲೇ ಎರಡನೇ ದೊಡ್ಡ ಗುಮ್ಮಟ" ಅಂದ ಅಷ್ಟೇ. ಕಂಬ ಇಲ್ದೆ ಅದು ನಿಂತಿರೋದು ಹೇಗೆ? ಎರಡನೇ ದೊಡ್ಡದು ಅನ್ನೋದು ನಿಜಾನಾ? ಇದೆಲ್ಲ ಇರಾನಿಂದ ಕಾಪಿ ಹೊಡೆದಿದ್ದು ಅಂತ ಫ್ರೆಂಡ್ ಒಬ್ರು ವಾದ ಮಾಡ್ತಾರೆ, ಅದಕ್ಕೇನು ಹೇಳ್ಲಿ?

ಉತ್ತರ: ನಿಮ್ಮ ಮೂರೂ ಪ್ರಶ್ನೆಗಿಂತ ಮಗಳ ಒಂದು ಪ್ರಶ್ನೆನೇ ದೊಡ್ಡದು ಸ್ವಾಮಿ. ಈ ವಿಷಯ ಓದೋಕೆ ಶುರು ಮಾಡಿ ವರ್ಷಗಳೇ ಕಳೆದಿದೆ, ನಾನು ಮೊದಲ ಸಲ ಅಲ್ಲಿಗೆ ಹೋದಾಗ ಎಲ್ಲರ ಹಾಗೆ ಚಪ್ಪಾಳೆ ತಟ್ಟಿ ಎಷ್ಟು ಸಲ ವಾಪಸ್ ಕೇಳ್ತು ಅಂತ ಲೆಕ್ಕ ಹಾಕಿ ಕೆಳಗಿಳಿದು ಬಂದಿದ್ದೆ, ಮೂಲೆ ಕಡೆ ತಿರುಗಿ ಕೂಡ ನೋಡಿರ್ಲಿಲ್ಲ. ಗುಮ್ಮಟ ನೋಡೋಕೆ ಹೋದವರೆಲ್ಲ ನಟ್ಟನಡುವೆ ನಿಂತು ಕತ್ತು ಮೇಲೆ ಮಾಡಿ ನೆತ್ತಿ ನೋಡ್ತಾರೆ. ಆದ್ರೆ ಅಲ್ಲಿ ನೋಡೋಕೆ ಜಾಸ್ತಿ ಏನೂ ಇಲ್ಲ. ಗುಮ್ಮಟ ಕಟ್ಟಿದ ಮೇಸ್ತ್ರಿ ತಲೆ ಕೆಡಿಸ್ಕೊಂಡಿದ್ದು, ನಿದ್ದೆ ಬಿಟ್ಟಿದ್ದು ಎಲ್ಲಾ ಮೂಲೆಯಲ್ಲೇ. ಇರಾನ್ ಇರ್ಲಿ, ಟರ್ಕಿ ಇರ್ಲಿ, ಸ್ಪೇನ್ ಇರ್ಲಿ, ನಮ್ಮ ಬಿಜಾಪುರ ಇರ್ಲಿ, ಯಾವ ಊರಿನ ಗುಮ್ಮಟ ಯಾವ ಜಾತಿದು ಅಂತ ಗೊತ್ತಾಗ್ಬೇಕಾದ್ರೆ ಮೂಲೆ ನೋಡ್ಬೇಕು.

ಸಮಸ್ಯೆ ಏನು ಅಂತ ಮೊದ್ಲು ಸರಿಯಾಗಿ ಹಿಡ್ಕೊಳಿ. ನಾಲ್ಕು ಗೋಡೆ ಎಬ್ಬಿಸಿದ್ರಿ, ಚೌಕ ಆಯ್ತು. ಅದರ ಮೇಲೆ ಒಂದು ದುಂಡು ಬುಟ್ಟಿ ಬೋರಲು ಹಾಕ್ಬೇಕು. ಬುಟ್ಟಿಯ ಅಂಚು ನಾಲ್ಕು ಗೋಡೆಯ ಮಧ್ಯಭಾಗಕ್ಕೆ ಮಾತ್ರ ತಾಗತ್ತೆ, ನಾಲ್ಕು ಮೂಲೆ ಮೇಲೆ ಅಂಚಿನ ಕೆಳಗೆ ಏನೂ ಇಲ್ಲ, ಬರೀ ಗಾಳಿ. ಆ ಗಾಳಿ ಮೇಲೆ ಸಾವಿರಾರು ಟನ್ ಇಟ್ಟಿಗೆ ಕೂರ್ಸೋದು ಹೇಗೆ? ಇದೊಂದೇ ಪ್ರಶ್ನೆ.

ಈ ಪ್ರಶ್ನೆ ನಮ್ಮ ದೇವಸ್ಥಾನದ ಶಿಲ್ಪಿಗಳಿಗೂ ಇತ್ತು, ಬೇಲೂರಲ್ಲೋ ಹಳೇಬೀಡಲ್ಲೋ ನವರಂಗದ ನಡುವೆ ನಿಂತು ಭುವನೇಶ್ವರಿ, ಅಂದ್ರೆ ತಲೆ ಮೇಲಿನ ಕೆತ್ತನೆಯ ಚಾವಣಿ, ನೋಡಿದ್ರೆ ಅವರ ಉತ್ತರ ಕಾಣತ್ತೆ, ನಾಲ್ಕು ತೊಲೆ ಮೇಲೆ ಮೂಲೆಗೆ ಅಡ್ಡವಾಗಿ ಕಲ್ಲು ಇಟ್ಟು ಚೌಕವನ್ನ ಎಂಟು ಮೂಲೆ ಮಾಡಿ, ಅದರ ಮೇಲೆ ಸುತ್ತು ಸುತ್ತಾಗಿ ಕಲ್ಲನ್ನ ಸ್ವಲ್ಪ ಸ್ವಲ್ಪ ಒಳಕ್ಕೆ ಚಾಚಿ ಮುಚ್ಚಿಬಿಡ್ತಾರೆ. ತುಂಬಾ ಚಂದ. ಆದ್ರೆ ಮೂಲೆಗೆ ಅಡ್ಡ ಇಡೋ ಆ ಕಲ್ಲು ಎಷ್ಟುದ್ದ ಸಿಗತ್ತೋ ಅಷ್ಟೇ ನಿಮ್ಮ ಅಂಕಣದ ಅಗಲ. ಉದ್ದ ಜಾಸ್ತಿ ಆದ್ರೆ ಕಲ್ಲು ನಡು ಮುರಿಯತ್ತೆ. ಗೋಳಗುಮ್ಮಟದ ಒಳಗೆ ಗೋಡೆಯಿಂದ ಗೋಡೆಗೆ 135 ಅಡಿ. ಅಲ್ಲಿ ಮೂಲೆಗೆ ಅಡ್ಡ ಇಡೋ ಕಲ್ಲು ಯಾವ ಕ್ವಾರಿಯಲ್ಲೂ ಸಿಗಲ್ಲ.

ಹಾಗಾದ್ರೆ ಕಮಾನು ಬೇಕು. ಇಲ್ಲಿಂದ ದಾರಿ ಎರಡಾಗತ್ತೆ.

ಇರಾನಿನ ದಾರಿ ಹಳೇದು, ಇಸ್ಲಾಂ ಹುಟ್ಟೋಕೆ ನಾನೂರು ವರ್ಷ ಮುಂಚಿಂದು. ಮೂರನೇ ಶತಮಾನದಲ್ಲಿ ಸಾಸಾನಿ ದೊರೆ ಅರ್ದಶೀರ್ ಫಿರೂಜಾಬಾದಲ್ಲಿ ಕಟ್ಟಿಸಿದ ಅರಮನೆಯಲ್ಲೇ ಇದು ಇದೆ: ಪ್ರತಿ ಮೂಲೆಗೂ ಅಡ್ಡವಾಗಿ ಒಂದು ಪುಟ್ಟ ಕಮಾನು ಹಾಯಿಸಿಬಿಡೋದು. ಇದಕ್ಕೆ ಸ್ಕ್ವಿಂಚ್ ಅಂತಾರೆ. ನಮ್ಮ ದೇವಸ್ಥಾನದ ಅಡ್ಡಗಲ್ಲು ಮಾಡೋ ಕೆಲಸನೇ, ಕಲ್ಲಿನ ಬದಲು ಕಮಾನು. ಚೌಕ ಎಂಟು ಮೂಲೆ ಆಯ್ತು, ಎಂಟನ್ನ ಹದಿನಾರು ಮಾಡಿದ್ರೆ ಹೆಚ್ಚುಕಮ್ಮಿ ದುಂಡಗಾಯ್ತು, ಮೇಲೆ ಗುಮ್ಮಟ. ಅಲ್ಲಿ ಒಳ್ಳೇ ಮರ ಕಮ್ಮಿ, ಮಣ್ಣು ಬೇಕಾದಷ್ಟು, ಹಾಗಾಗಿ ಹೆಚ್ಚಾಗಿ ಇಟ್ಟಿಗೆ ಕೆಲಸ, ಇಟ್ಟಿಗೆ ಸಣ್ಣದು ಅಂದ್ಮೇಲೆ ಹೇಗೆ ಬೇಕಾದ್ರೂ ತಿರುಗಿಸಿ ಆಟ ಆಡ್ಬೋದು. ಇಸ್ಫಹಾನಿನ ಜಾಮೆ ಮಸೀದಿಯಲ್ಲಿ ಸೆಲ್ಜುಕ್ ವಜೀರ ನಿಜಾಮುಲ್ ಮುಲ್ಕ್ 1086ರ ಹೊತ್ತಿಗೆ ದಕ್ಷಿಣದ ಕಡೆ ಒಂದು ಗುಮ್ಮಟ ಎಬ್ಬಿಸಿದ, ಅವನ ಮೇಲೆ ಕತ್ತಿ ಮಸೀತಿದ್ದ ತಾಜುಲ್ ಮುಲ್ಕ್ ಎರಡೇ ವರ್ಷದಲ್ಲಿ ಅದೇ ಮಸೀದಿಯ ಉತ್ತರಕ್ಕೆ ಇನ್ನೊಂದು ಎಬ್ಬಿಸಿದ. ಎರಡನೇದು ಚಿಕ್ಕದು, ಆದ್ರೆ ಅದರ ಮೂಲೆ ನೋಡ್ಬೇಕು, ಒಂದು ದೊಡ್ಡ ಕಮಾನಿನ ಹೊಟ್ಟೆಯೊಳಗೆ ಸಣ್ಣ ಕಮಾನುಗಳು, ಕೆಳಗಿನ ಒಂದೊಂದು ಗೆರೆಯೂ ಮೇಲಕ್ಕೆ ಹರಿದು ಗುಮ್ಮಟ ಸೇರತ್ತೆ, ಬರೀ ಇಟ್ಟಿಗೆ, ಬಣ್ಣ ಇಲ್ಲ ಟೈಲ್ಸ್ ಇಲ್ಲ. ಇಸ್ಫಹಾನ್ ಅಂದ್ರೆ ಎಲ್ರೂ ನೀಲಿ ಟೈಲ್ಸ್ ಫೋಟೋ ಹಾಕ್ತಾರೆ, ನನ್ನ ಕೇಳಿದ್ರೆ ಆ ಊರಿನ ಅತ್ಯುತ್ತಮ ಕೆಲಸ ಈ ಮಣ್ಣಿನ ಬಣ್ಣದ ಕೋಣೆ. ರಾಜಕೀಯದ ಹೊಟ್ಟೆಕಿಚ್ಚಿಂದ ಇಷ್ಟು ಒಳ್ಳೇ ಕಟ್ಟಡ ಹುಟ್ಟಿದ್ದು ಕಮ್ಮಿ.

ಇನ್ನೊಂದು ದಾರಿ ಕಾನ್‌ಸ್ಟಾಂಟಿನೋಪಲ್‌ದು, ಈಗಿನ ಇಸ್ತಾಂಬುಲ್. ಇದಕ್ಕೆ ಪೆಂಡೆಂಟಿವ್ ಅಂತ ಹೆಸರು, ಪುಸ್ತಕದಲ್ಲಿ ಓದಿದ್ರೆ ಯಾರಿಗೂ ಅರ್ಥ ಆಗಲ್ಲ, ಮಗಳಿಗೆ ಅಡುಗೆಮನೆಯಲ್ಲೇ ತೋರ್ಸಿ. ಅರ್ಧ ತೆಂಗಿನ ಚಿಪ್ಪು ಬೋರಲು ಹಾಕಿ. ಅದರ ನಾಲ್ಕು ಪಕ್ಕ ನೇರವಾಗಿ ಕೆಳಕ್ಕೆ ಕತ್ತರಿಸಿಬಿಟ್ರಿ ಅಂದ್ಕೊಳಿ, ಮೇಲಿಂದ ನೋಡಿದ್ರೆ ಚೌಕ. ಕತ್ತರಿಸಿದ ಪ್ರತಿ ಪಕ್ಕದಲ್ಲೂ ಒಂದೊಂದು ಕಮಾನು ಕಾಣತ್ತೆ. ಈಗ ಆ ಕಮಾನುಗಳ ನೆತ್ತಿಯ ಮಟ್ಟಕ್ಕೆ ಚಿಪ್ಪಿನ ತಲೆಯನ್ನೂ ಅಡ್ಡಡ್ಡ ಕೊಯ್ದು ತೆಗೀರಿ. ಮೇಲೆ ಪಕ್ಕಾ ದುಂಡು ಬಾಯಿ, ಕೆಳಗೆ ನಾಲ್ಕು ಮೂಲೆಯಲ್ಲಿ ನಾಲ್ಕು ತ್ರಿಕೋನದ ಚೂರು ಉಳಿಯತ್ತೆ, ಅದೇ ಪೆಂಡೆಂಟಿವ್. ಆ ದುಂಡು ಬಾಯಿ ಮೇಲೆ ಹೊಸ ಗುಮ್ಮಟ ಕೂರ್ಸೋದು. 537ರಲ್ಲಿ ಮುಗಿದ ಹಾಗಿಯಾ ಸೋಫಿಯಾ ಚರ್ಚಲ್ಲಿ ಇದನ್ನ ಸುಮಾರು 100 ಅಡಿ ಅಗಲಕ್ಕೆ ಮಾಡಿದ್ರು, ಇಪ್ಪತ್ತು ವರ್ಷ ಆಗಿತ್ತಷ್ಟೇ, ಭೂಕಂಪಗಳ ಏಟಿಗೆ 558ರಲ್ಲಿ ಗುಮ್ಮಟ ಕುಸಿದುಬಿತ್ತು, ಮತ್ತೆ ಇನ್ನೂ ಎತ್ತರ ಮಾಡಿ 562ರಲ್ಲಿ ಕಟ್ಟಿದ್ರು. ಸಾವಿರ ವರ್ಷ ಆದ್ಮೇಲೆ ಆಟೋಮನ್ ತುರ್ಕರ ಕಟ್ಟಡಶಿಲ್ಪಿ ಸಿನಾನ್ ಬಂದ. ಇಸ್ತಾಂಬುಲಿನ ಸುಲೇಮಾನಿಯೆ ಮಸೀದಿಯಲ್ಲಿ ಅದೇ ಪೆಂಡೆಂಟಿವ್ ಇಟ್ಕೊಂಡು ಕೆಲಸ ಮಾಡಿದ, ಆಮೇಲೆ ಎದಿರ್ನೆಯ ಸೆಲಿಮಿಯೆಗೆ ಬಂದಾಗ, 1568ರಿಂದ 1575ರ ಒಳಗೆ, ಚೌಕದ ತಂಟೆನೇ ಬೇಡ ಅಂತ ಎಂಟು ದೊಡ್ಡ ಕಂಬ ನಿಲ್ಲಿಸಿ ಅದರ ಮೇಲೆ ಹಾಗಿಯಾ ಸೋಫಿಯಾದಷ್ಟೇ ಅಗಲದ ಗುಮ್ಮಟ ಎತ್ತಿದ. ಆಗ ಅವನಿಗೆ ಹೆಚ್ಚುಕಮ್ಮಿ ಎಂಬತ್ತು.

ಮಧ್ಯದಲ್ಲಿ ಮುಕರ್ನಾಸ್ ಬಗ್ಗೆ ಒಂದು ಮಾತು ಹೇಳ್ದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಜೇನುಗೂಡಿನ ಹಾಗೆ, ಮೇಲಿಂದ ಹನಿ ಹನಿಯಾಗಿ ಇಳಿಬಿದ್ದ ಹಾಗೆ ಇರತ್ತಲ್ಲ, ಸ್ಪೇನಿನ ಅಲ್‌ಹಂಬ್ರಾ ಫೋಟೋದಲ್ಲಿ ನೋಡಿರ್ತೀರಿ, ಅಲ್ಲಿ ಇಬ್ಬರು ಸಹೋದರಿಯರ ಹಜಾರ ಅನ್ನೋ ಒಂದು ಕೋಣೆಯ ಚಾವಣಿಯಲ್ಲೇ ಗಾರೆಯ ಇಂಥ ತುಂಡುಗಳು ಐದು ಸಾವಿರಕ್ಕೂ ಜಾಸ್ತಿ. ಇದೂ ಮೂಲೆ ಕಥೆನೇ. ಸ್ಕ್ವಿಂಚನ್ನ ಒಡೆದು ಸಣ್ಣ ಸಣ್ಣ ಸ್ಕ್ವಿಂಚ್ ಮಾಡ್ತಾ ಹೋದ್ರೆ ಕೊನೆಗೆ ಹೀಗೇ ಆಗತ್ತೆ. ಮಜಾ ಏನಂದ್ರೆ ಸಮರ್‌ಕಂದದಲ್ಲಿದ್ದ ಗಣಿತಜ್ಞ ಅಲ್ ಕಾಶಿ 1427ರಲ್ಲಿ ಮುಗಿಸಿದ ಅಂಕಗಣಿತದ ಪುಸ್ತಕದಲ್ಲಿ ಮುಕರ್ನಾಸಿನ ಮೇಲ್ಮೈ ಎಷ್ಟು ಅಂತ ಅಳೆಯೋದಕ್ಕೆ ಲೆಕ್ಕ ಹೇಳ್ಕೊಟ್ಟಿದ್ದಾನೆ. ಇಷ್ಟು ಅಂಕುಡೊಂಕಿರೋ ಮೇಲ್ಮೈಗೆ ಗಾರೆ ಎಷ್ಟು ಹೋಗತ್ತೆ, ಕೂಲಿ ಎಷ್ಟು ಅಂತ ಯಾರಾದ್ರೂ ಲೆಕ್ಕ ಹಾಕ್ಲೇಬೇಕಲ್ಲ. ಪೈ ಬೆಲೆಯನ್ನ ದಶಮಾಂಶದಲ್ಲಿ ಹದಿನಾರು ಸ್ಥಾನದವರೆಗೆ ಕಂಡುಹಿಡಿದ ಮನುಷ್ಯ, ಮೇಸ್ತ್ರಿಯ ಬಿಲ್ಲನ್ನೂ ಬಿಟ್ಟಿಲ್ಲ.

ಈಗ ಬಿಜಾಪುರಕ್ಕೆ ಬರೋಣ. ಮೂಲೆ ಮುಚ್ಚಿದ್ರೆ ಮುಗೀಲಿಲ್ಲ, ಇನ್ನೊಂದು ಕಾಟ ಇದೆ. ಕಣದಲ್ಲಿ ಜೋಳ ರಾಶಿ ಹಾಕಿ, ಮೇಲಿಂದ ಸುರೀತಾ ಇದ್ದ ಹಾಗೆ ಬುಡ ಹೊರಕ್ಕೆ ಹರಡ್ಕೊಳ್ಳತ್ತೆ. ಗುಮ್ಮಟಾನೂ ಹಾಗೇ, ತನ್ನ ತೂಕಕ್ಕೆ ತಾನೇ ಬುಡದಲ್ಲಿ ಹೊರಕ್ಕೆ ತಳ್ಳತ್ತೆ. ಚೀಲಕ್ಕೆ ತುಂಬಿದ್ರೆ ಜೋಳ ಹರಡಲ್ಲ, ಯಾಕಂದ್ರೆ ಚೀಲ ಹಿಡ್ಕೊಂಡಿರತ್ತೆ. ಗುಮ್ಮಟಕ್ಕೆ ಆ ಚೀಲ ಯಾವುದು? ಹಾಗಿಯಾ ಸೋಫಿಯಾದಲ್ಲಿ ಎರಡು ಕಡೆ ಅರ್ಧ ಗುಮ್ಮಟ ಒರಗಿಸಿ, ಇನ್ನೆರಡು ಕಡೆ ಗುಡ್ಡದಂಥ ಆನಿಕೆ ಗೋಡೆ ಕೊಟ್ಟಿದ್ದಾರೆ. ಸಿನಾನನೂ ಅರ್ಧ ಗುಮ್ಮಟಗಳನ್ನ, ಆನಿಕೆಗಳನ್ನ ಸುತ್ತ ಜೋಡಿಸಿದ್ದಾನೆ, ಹೊರಗಿಂದ ನೋಡಿದ್ರೆ ತಾಯಿ ಸುತ್ತ ಮಕ್ಕಳು ಕೂತ ಹಾಗೆ. ಗೋಳಗುಮ್ಮಟವನ್ನ ಹೊರಗಿಂದ ನೆನಪಿಸ್ಕೊಳಿ. ಒಂದು ಪೆಟ್ಟಿಗೆ, ಮೇಲೊಂದು ಗುಮ್ಮಟ, ನಾಲ್ಕು ಮೂಲೆಗೆ ಏಳಂತಸ್ತಿನ ನಾಲ್ಕು ಗೋಪುರ. ಅರ್ಧ ಗುಮ್ಮಟ ಇಲ್ಲ, ಆನಿಕೆ ಇಲ್ಲ. ಗೋಪುರ ಹಿಡ್ಕೊಂಡಿರ್ಬೇಕು ಅನ್ಸತ್ತೆ, ಆದ್ರೆ ನೀವು ಮೆಟ್ಟಿಲು ಹತ್ತಿದ್ದು ಅದರೊಳಗೇ ತಾನೆ, ಒಳಗೆಲ್ಲ ಪೊಳ್ಳು, ಮೈತುಂಬಾ ಕಿಟಕಿ. ಗೋಡೆ ಹತ್ತಡಿ ದಪ್ಪ ಇದೆ ನಿಜ, ಆದ್ರೆ ಅದರ ನಡುವೆ ಅಷ್ಟಷ್ಟು ದೊಡ್ಡ ಕಮಾನಿನ ಬಾಗಿಲು ಬೇರೆ ತೆಗೆದಿದ್ದಾರೆ.

ಮತ್ತೆ ಹಿಡ್ಕೊಂಡಿರೋದು ಯಾವುದು ಅಂದ್ರೆ ಮೂಲೆನೇ ಹಿಡ್ಕೊಂಡಿರೋದು.

ಒಂದು ಹಾಳೆ, ಪೆನ್ಸಿಲ್ ತರೋಕೆ ಹೇಳಿ ಮಗಳಿಗೆ. ಒಂದು ಚೌಕ ಬರೀಲಿ, ಅದು ಕೋಣೆ. ಪ್ರತಿ ಗೋಡೆ ಮೇಲೂ ಎರಡೆರಡು ಚುಕ್ಕಿ ಇಡ್ಲಿ, ಮೂಲೆಯಿಂದ ಗೋಡೆಯ ಉದ್ದದ ಮೂರರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಕಮ್ಮಿ ದೂರದಲ್ಲಿ. ಒಟ್ಟು ಎಂಟು ಚುಕ್ಕಿ ಆಯ್ತು. ಈಗ ಒಂದು ಚುಕ್ಕಿ ಬಿಟ್ಟು ಒಂದು ಚುಕ್ಕಿ ಸೇರ್ಸಿದ್ರೆ ಓರೆಯಾಗಿರೋ ಒಂದು ಚೌಕ ಬರತ್ತೆ, ಉಳಿದ ನಾಲ್ಕನ್ನ ಸೇರ್ಸಿದ್ರೆ ಆ ಕಡೆ ಓರೆಯಾಗಿರೋ ಇನ್ನೊಂದು ಚೌಕ. ಎರಡೂ ಒಂದರ ಮೇಲೊಂದು ಬಿದ್ದು ಎಂಟು ಮೊನೆಯ ನಕ್ಷತ್ರ ಆಯ್ತು, ಮಧ್ಯದಲ್ಲಿ ಎಂಟು ಮೂಲೆಯ ಜಾಗ ಉಳೀತು. ಮನೆ ಮುಂದೆ ಹಾಕೋ ರಂಗೋಲಿ ನಕ್ಷತ್ರನೇ. ಈಗ ಆ ಒಂದೊಂದು ಗೆರೆಯನ್ನೂ ಒಂದೊಂದು ಕಮಾನು ಅಂದ್ಕೊಳಿ. ಎಂಟು ಕಮಾನು, ಒಂದು ಗೋಡೆಯಿಂದ ಎದ್ದು ಪಕ್ಕದ ಗೋಡೆಯಲ್ಲಿ ಇಳಿಯತ್ತೆ, ದಾರಿಯಲ್ಲಿ ಅಕ್ಕಪಕ್ಕದ ಕಮಾನುಗಳ ಮೈಯೊಳಗೇ ಹಾದುಹೋಗತ್ತೆ. ಗೋಳಗುಮ್ಮಟದ ಒಳಗೆ ನೆಲದಿಂದ 57 ಅಡಿ ಎತ್ತರದಲ್ಲಿ ಈ ಕಮಾನುಗಳ ಸಂದಿನ ಮೈ ಒಳಕ್ಕೆ ಬಾಗೋಕೆ ಶುರುವಾಗತ್ತೆ, ಬಾಗ್ತಾ ಬಾಗ್ತಾ 135 ಅಡಿಯ ಚೌಕ ಸುಮಾರು 97 ಅಡಿಯ ಒಂದು ಬಾಯಿಗೆ ಇಳೀತದೆ, ಆ ಬಾಯಿ ಇರೋದು ನೆಲದಿಂದ 109 ಅಡಿ ಮೇಲೆ.

ಬುಟ್ಟಿ ಹೆಣೆಯೋರನ್ನ ನೋಡಿದ್ರೆ ಇದು ಬೇಗ ತಲೆಗೆ ಹೋಗತ್ತೆ. ಒಂದು ಬಿದಿರಿನ ಸೀಳು ಒಂಟಿಯಾಗಿದ್ರೆ ಒತ್ತಿದ ಕಡೆ ಬಾಗತ್ತೆ, ಹೆಣೆದಾಗ ಒಂದನ್ನ ಒತ್ತಿದ್ರೆ ಇನ್ನೊಂದು ತಡೆಯತ್ತೆ. ಇಲ್ಲಿ ಒಂದು ಕಮಾನು ಪಕ್ಕಕ್ಕೆ ವಾಲ್ಬೇಕು ಅಂದ್ರೆ ಅದನ್ನ ಕತ್ತರಿಸಿ ಹೋಗೋ ಕಮಾನುಗಳನ್ನೂ ಎಳ್ಕೊಂಡೇ ವಾಲ್ಬೇಕು, ಅವು ಬಿಡಲ್ಲ.

ಇನ್ನು ನನಗೆ ಈ ಕಟ್ಟಡದಲ್ಲಿ ಅತಿ ಇಷ್ಟವಾದ ಭಾಗ. 97 ಅಡಿಯ ಬಾಯಿ ಮಾಡಿದ್ರಲ್ಲ, ಗುಮ್ಮಟವನ್ನ ಆ ಬಾಯಿಯ ಅಂಚಿನ ಮೇಲೇ ಕೂರ್ಸಿಲ್ಲ! ಹಿಂದಕ್ಕೆ ಸರಿಸಿ ಕೂರ್ಸಿದ್ದಾರೆ. ಗುಮ್ಮಟದ ಒಳಗಿನ ಅಗಲ 124 ಅಡಿ. ಅಂದ್ರೆ ಸುತ್ತಲೂ ಹನ್ನೆರಡು ಅಡಿಗೂ ಜಾಸ್ತಿ ಕಲ್ಲು ಗಾರೆಯ ಭಾರ ಗುಮ್ಮಟದ ಕಾಲಿನಿಂದ ಒಳಕ್ಕೆ ಚಾಚಿ ನೇತಾಡ್ತಾ ಇದೆ. ನೋಡಿದವರಿಗೆ ಇದು ದಂಡ ಅನ್ಸತ್ತೆ, ಅಷ್ಟು ಕಷ್ಟಪಟ್ಟು ಬಾಯಿ ಸಣ್ಣ ಮಾಡಿದ ಮೇಲೆ ಗುಮ್ಮಟಾನೂ ಸಣ್ಣ ಮಾಡಿ ದುಡ್ಡು ಉಳಿಸ್ಬೋದಿತ್ತಲ್ಲ ಅಂತ. ಆದ್ರೆ ಹತ್ತಡಿ ದಪ್ಪದ ಗುಮ್ಮಟ ತನ್ನ ಬುಡವನ್ನ ಹೊರಕ್ಕೆ ತಳ್ಳತ್ತೆ, ಒಳಕ್ಕೆ ಚಾಚಿರೋ ಈ ಭಾರ ಅದೇ ಬುಡವನ್ನ ಒಳಕ್ಕೆ ಎಳೆಯತ್ತೆ. ತಕ್ಕಡಿಯ ಎರಡು ತಟ್ಟೆ. 19ನೇ ಶತಮಾನದಲ್ಲಿ ಭಾರತದ ಕಟ್ಟಡಗಳ ಚರಿತ್ರೆ ಬರೆದ ಜೇಮ್ಸ್ ಫರ್ಗುಸನ್ ಇದನ್ನ ಗುರುತಿಸಿ, ಗುಮ್ಮಟಗಳ ಹೊರದೂಡೋ ಬಲಕ್ಕೆ ಸಿಕ್ಕಿದ ಅತಿ ಜಾಣ ಉಪಾಯಗಳಲ್ಲಿ ಇದನ್ನ ಸೇರಿಸಿದ್ದ. ಇವತ್ತಿನ ಇಂಜಿನಿಯರ್ ಲೆಕ್ಕ ಹಾಕಿದ್ರೆ ದಪ್ಪ ಗೋಡೆಗೂ, ಇಟ್ಟಿಗೆ ಸುಣ್ಣ ಒಂದಾಗಿ ಬೆಸೆದು ನಿಂತಿರೋದಕ್ಕೂ ಪಾಲು ಕೊಡ್ತಾರೆ, ಕೊಡ್ಲಿ, ಆದ್ರೂ ಮೂಲ ಉಪಾಯ ಈ ತಕ್ಕಡಿನೇ.

ಒಳಕ್ಕೆ ಚಾಚಿರೋ ಆ ಹನ್ನೆರಡು ಅಡಿ ಯಾವುದು ಗೊತ್ತಾಯ್ತಲ್ಲ? ನೀವೆಲ್ಲ ನಿಂತು ಪಿಸುಗುಟ್ಟಿದ ಗ್ಯಾಲರಿ. ಮೂಲೆ ಎಲ್ಲಿ ಹೋಯ್ತು ಅಂತ ಕೇಳಿದಾಗ ನಿಮ್ಮ ಮಗಳು ಅದೇ ಮೂಲೆಯ ತಲೆ ಮೇಲೆ ನಿಂತಿದ್ಲು.

ಪಿಸುಮಾತಿನ ವಿಷಯ ಬೇಗ ಮುಗಿಸ್ತೀನಿ, ಯಾಕಂದ್ರೆ ಎಲ್ರೂ ಅದನ್ನೇ ಹೇಳ್ತಾರೆ. ಚಪ್ಪಾಳೆ ಎದುರುಗಡೆ ಹೋಗಿ ಬರೋಕೆ ಸುಮಾರು 76 ಮೀಟರ್, ಶಬ್ದಕ್ಕೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬೇಕು, ಕಿವಿಗೆ ಬೇರೆ ಬೇರೆಯಾಗಿ ಕೇಳೋಕೆ ಅಷ್ಟು ಸಾಕು. ಗುಮ್ಮಟದ ಒಳಮೈ ದುಂಡಗಿದ್ದು ಶಬ್ದವನ್ನ ಚೆದುರೋಕೆ ಬಿಡದೆ ಮತ್ತೆ ಮತ್ತೆ ವಾಪಸ್ ಕಳಿಸತ್ತೆ, ಹಾಗಾಗಿ ಏಳು ಸಲ ಹತ್ತು ಸಲ ಕೇಳತ್ತೆ. ಪಿಸುಮಾತು ಗೋಡೆ ಹಿಡ್ಕೊಂಡೇ ತೆವಳಿ ಹೋಗತ್ತೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗ್ಯಾಲರಿಯಲ್ಲಿ ಇದನ್ನ ಲಾರ್ಡ್ ರೇಲಿ ವಿವರಿಸಿದ್ರು, ನಮ್ಮ ಸಿ.ವಿ. ರಾಮನ್ 1921ರಲ್ಲಿ ಅಲ್ಲೇ ಹೋಗಿ ಪ್ರಯೋಗ ಮಾಡಿದ್ರು, ಆಮೇಲೆ ಬಿಜಾಪುರದ ಗ್ಯಾಲರಿ ಬಗ್ಗೆನೂ ಬರೆದ್ರು. ಸುಲ್ತಾನರು ಸಂಗೀತ ಕೇಳೋಕೆ ಅಂತಲೇ ಇದನ್ನ ಕಟ್ಟಿಸಿದ್ರು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಇದು ಬಿಜಾಪುರದ ಸುಲ್ತಾನ ಮಹಮ್ಮದ್ ಆದಿಲ್‌ಶಾನ ಸಮಾಧಿ. ಶಬ್ದದ ಆಟ ತಕ್ಕಡಿ ಲೆಕ್ಕದ ಜೊತೆಗೆ ಕೊಸರಿಗೆ ಬಂದಿದ್ದು.

ಎರಡನೇ ದೊಡ್ಡದು ಅನ್ನೋದು. ಇಲ್ಲ. ಯಾವುದನ್ನ ಅಳೀತೀರಿ ಅನ್ನೋದರ ಮೇಲೆ ಹೋಗತ್ತೆ. ಒಳ ಅಗಲ ತಗೊಂಡ್ರೆ ರೋಮಿನ ಪ್ಯಾಂಥಿಯನ್ 142 ಅಡಿ, ಅದೂ ಎರಡನೇ ಶತಮಾನದ್ದು, ಫ್ಲಾರೆನ್ಸಿನ ಚರ್ಚು 140 ದಾಟತ್ತೆ, ರೋಮಿನದೇ ಸೇಂಟ್ ಪೀಟರ್ ಸುಮಾರು 136. ಗೋಳಗುಮ್ಮಟ 124, ಆಮೇಲಿನದು. ಈಗಿನ ಉಕ್ಕು ಕಾಂಕ್ರೀಟಿನ ಸ್ಟೇಡಿಯಂ ಲೆಕ್ಕಕ್ಕೆ ತಗೊಂಡ್ರೆ ಇವೆಲ್ಲ ಮಕ್ಕಳ ಆಟಿಕೆ. ಆದ್ರೆ ಗೈಡು ಹೇಳ್ಬೋದಾಗಿದ್ದ, ಇನ್ನೂ ಒಳ್ಳೇ ಸತ್ಯ ಒಂದಿದೆ: ಹಳೇ ಕಾಲದ ಇಸ್ಲಾಮಿ ಜಗತ್ತಿನಲ್ಲಿ ಇದಕ್ಕಿಂತ ಅಗಲದ ಗುಮ್ಮಟ ಇಲ್ಲ. ಇರಾನಿನ ಸುಲ್ತಾನಿಯೆಯಲ್ಲಿ ಮಂಗೋಲ್ ದೊರೆ ಓಲ್ಜೈತು 1312ರ ಹೊತ್ತಿಗೆ ಮುಗಿಸಿದ ದೈತ್ಯ ಸಮಾಧಿ ಸುಮಾರು 82 ಅಡಿ, ಸಿನಾನನ ಸೆಲಿಮಿಯೆ 103ರ ಆಸುಪಾಸು, ತಾಜಮಹಲಿನ ಒಳ ಗುಮ್ಮಟ ಬರೀ 58. ಒಂದೇ ಗುಮ್ಮಟದ ಕೆಳಗೆ ಅಡ್ಡಿ ಇಲ್ಲದೆ ಸಿಗೋ ನೆಲ ಅಳೆದ್ರೆ, ಚೌಕ ಆಗಿರೋದ್ರಿಂದ, ಗೋಳಗುಮ್ಮಟ ಪ್ಯಾಂಥಿಯನ್ನನ್ನೂ ಹಿಂದೆ ಹಾಕತ್ತೆ, ಇದು 18,000 ಚದರ ಅಡಿ, ಅದು 16,000ದ ಒಳಗೆ. ಮೂಲೆ ಉಳಿಸ್ಕೊಂಡಿದ್ದಕ್ಕೆ ಸಿಕ್ಕ ಲಾಭ.

ತಾಜಮಹಲ್ ಅಂದ್ನಲ್ಲ, ಎರಡೂ ಒಂದೇ ಕಾಲದವು, ಷಹಜಹಾನನೂ ಮಹಮ್ಮದ್ ಆದಿಲ್‌ಶಾನೂ ಸಮಕಾಲೀನರು, 1636ರಲ್ಲಿ ಒಪ್ಪಂದಾನೂ ಆಗಿತ್ತು. ತಾಜಿನಲ್ಲಿ ಹೊರಗೆ ಕಾಣೋ ಗುಮ್ಮಟವೇ ಬೇರೆ, ಒಳಗೆ ಕಾಣೋದೇ ಬೇರೆ, ಎರಡರ ನಡುವೆ ಒಂದು ಮನೆ ಕಟ್ಟೋವಷ್ಟು ಖಾಲಿ ಜಾಗ. ಹೊರಗಿಂದ ಚಂದ ಕಾಣ್ಲಿ ಅಂತ ಹಾಗೆ, ಇರಾನಿನಿಂದ ಬಂದ ಪದ್ಧತಿ ಅದು. ಗೋಳಗುಮ್ಮಟದಲ್ಲಿ ಇರೋದು ಒಂದೇ ಚಿಪ್ಪು, ಹೊರಗೆ ಕಂಡಿದ್ದೇ ಒಳಗೂ. ತಾಜು ಹೆಚ್ಚು ಸುಂದರ ಅನ್ನೋದರಲ್ಲಿ ನನಗೇನೂ ತಕರಾರಿಲ್ಲ, ಧೈರ್ಯ ಮಾತ್ರ ಬಿಜಾಪುರದವರದ್ದು ಜಾಸ್ತಿ.

ಈಗ ನಿಮ್ಮ ಫ್ರೆಂಡು. ಅರ್ಧ ಸರಿ ಹೇಳ್ತಿದ್ದಾರೆ, ಅರ್ಧ ಸರಿ ಇದ್ದಾಗಲೇ ವಾದ ಉದ್ದ ಆಗೋದು. ದಖ್ಖನಿಗೆ ಇರಾನಿನಿಂದ, ಮಧ್ಯ ಏಷ್ಯಾದಿಂದ ಜನ ಬಂದಿದ್ದು ಹೌದು, ಹಡಗು ಹತ್ತಿ ಗೋವಾ, ದಾಭೋಳ ಬಂದರಿಗೆ ಬಂದು ಘಟ್ಟ ಹತ್ತಿ ಬರ್ತಿದ್ರು, ಸಿಪಾಯಿಗಳು, ಕವಿಗಳು, ವ್ಯಾಪಾರಿಗಳು, ಕಟ್ಟಡದವರು ಎಲ್ಲ. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯ 1367ರ ಶಾಸನದಲ್ಲಿ ಇರಾನಿನ ಕಜ್ವೀನ್ ಊರಿನ ರಫಿ ಅನ್ನೋನ ಹೆಸರಿದೆ. ಬೀದರಿನಲ್ಲಿ 1472ರ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನಿನವನು, ಆ ಮದರಸಾದ ಗೋಡೆ ಮೇಲೆ ಉಳಿದಿರೋ ನೀಲಿ ಬಿಳಿ ಟೈಲ್ಸ್ ನೋಡಿದ್ರೆ ಸಮರ್‌ಕಂದದ ತುಂಡೊಂದು ಬಂದು ಬಿದ್ದಿದೆಯೇನೋ ಅನ್ಸತ್ತೆ. ಕತ್ತರಿಸೋ ಕಮಾನಿನ ಉಪಾಯಾನೂ ಅಲ್ಲಿ ಮೊದಲೇ ಇತ್ತು. ತೈಮೂರನ ಸೊಸೆ ಗೌಹರ್ ಶಾದ್ ಈಗಿನ ಅಫ್ಘಾನಿಸ್ತಾನದ ಹೆರಾತಿನಲ್ಲಿ 1430ರ ದಶಕದಲ್ಲಿ ಕಟ್ಟಿಸಿದ ಸಮಾಧಿಯಲ್ಲಿದೆ, ಇರಾನಿನ ಖರ್ಗಿರ್ದಿನ ಮದರಸಾದಲ್ಲಿದೆ, 1440ರ ದಶಕದ್ದು. ಇನ್ನೂ ಹಿಂದಕ್ಕೆ ಹೋದ್ರೆ ಸ್ಪೇನಿನ ಕಾರ್ಡೋಬಾ ಮಸೀದಿಯಲ್ಲಿ 960ರ ದಶಕದಲ್ಲಿ ಎರಡನೇ ಅಲ್ ಹಕಮ್ ಮಾಡಿಸಿದ ಪುಟ್ಟ ಗುಮ್ಮಟಗಳಲ್ಲಿ ಪಟ್ಟಿಗಳು ಹೀಗೇ ಒಂದನ್ನೊಂದು ಹಾಯ್ದು ನಕ್ಷತ್ರ ಆಗಿವೆ. ಆದ್ರೆ ಕಾರ್ಡೋಬಾದ್ದು ಕೋಣೆಯಷ್ಟು ಅಗಲ, ಹೆರಾತಿನದು ದೊಡ್ಡ ಹಜಾರದಷ್ಟು, ಇಟ್ಟಿಗೆದು, ಮೇಲೆ ಗಾರೆಯಲ್ಲಿ ನೂರು ಕುಸುರಿ. ಅಲ್ಲಿ ಕಮಾನು ಕತ್ತರಿಸೋದರಿಂದ ಬಾಯಿ ಸಣ್ಣ ಆಗತ್ತೆ, ಗುಮ್ಮಟ ಸಣ್ಣ ಸಾಕು, ಖರ್ಚು ಉಳಿಯತ್ತೆ. ಬಿಜಾಪುರದವರು ಆ ಉಪಾಯ ತಗೊಂಡು ಉಲ್ಟಾ ಬಳಸಿದ್ರು, ಬಾಯಿ ಸಣ್ಣ ಮಾಡಿ ಗುಮ್ಮಟ ದೊಡ್ಡದೇ ಇಟ್ರು. ಆ ಹಿಂದಕ್ಕೆ ಸರಿಸಿದ ಹೆಜ್ಜೆ, ಆ ಭಾರದ ತಕ್ಕಡಿ, ಇಷ್ಟು ದೊಡ್ಡ ಅಳತೆಯಲ್ಲಿ ಇನ್ನೆಲ್ಲೂ ಇಲ್ಲ. ಕಾಪಿ ಹೊಡೆದವರು ಮೂಲಕ್ಕಿಂತ ಇಷ್ಟು ದೊಡ್ಡದಾಗಿ ಬರೆದ್ರೆ ಅದನ್ನ ಕಾಪಿ ಅಂತ ಕರೆಯೋಕಾಗಲ್ಲ.

ಒಂದೇ ಏಟಿಗೂ ಮಾಡಿಲ್ಲ ಅವರು. ಅದೇ ಊರಲ್ಲಿ ಮೊದಲನೇ ಅಲಿ ಆದಿಲ್‌ಶಾ 1576ರ ಹೊತ್ತಿಗೆ ಶುರು ಮಾಡಿಸಿದ ಜಾಮಿ ಮಸೀದಿ ಇದೆ. ಅಲ್ಲಿ ಪ್ರಾರ್ಥನೆಯ ಹಜಾರದ ನಡುವೆ ಒಂಬತ್ತು ಅಂಕಣದಷ್ಟು ಜಾಗ ಕಂಬ ಇಲ್ಲದೆ ಬಿಟ್ಟು, ಎಂಟು ಕಮಾನು ಹಾಯಿಸಿ ಗುಮ್ಮಟ ಕೂರ್ಸಿದ್ದಾರೆ, ಗೋಳಗುಮ್ಮಟದ್ದೇ ಲೆಕ್ಕ, ಅಳತೆ ಸಣ್ಣದು. ಊರಿನ ಗೌಂಡಿಗಳು ಎರಡು ಮೂರು ತಲೆಮಾರು ಅದರಲ್ಲಿ ಕೈ ಪಳಗಿಸ್ಕೊಂಡಿದ್ದಾರೆ. ಆಮೇಲೆ ದೊಡ್ಡದಕ್ಕೆ ಕೈ ಹಾಕಿದ್ದು.

ಕೈ ಹಾಕಿದ್ದು ಮುಗೀಲಿಲ್ಲ ಅನ್ನೋದೂ ನಿಜ. ದಕ್ಷಿಣದ ಬಾಗಿಲ ಮೇಲೆ ಪಾರ್ಸಿಯಲ್ಲಿ ಮೂರು ಸಾಲು ಇದೆ, ಆ ಲಿಪಿಯ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆಯ ಬೆಲೆ ಇದೆ, ಒಂದೊಂದು ಸಾಲಿನ ಅಕ್ಷರಗಳ ಬೆಲೆ ಕೂಡಿಸಿದ್ರೂ ಹಿಜರಿ 1067 ಬರತ್ತೆ, ಅಂದ್ರೆ 1656, ಸುಲ್ತಾನ ತೀರ್ಕೊಂಡ ವರ್ಷ. ಒಳಗೋಡೆಯ ಬೋಳುತನ ನೋಡಿ ಮಗಳಿಗೆ ಬೇಜಾರಾಗಿದ್ರೆ ತಪ್ಪಿಲ್ಲ. ಸುಲ್ತಾನನ ಅಪ್ಪ ಎರಡನೇ ಇಬ್ರಾಹಿಂನ ಸಮಾಧಿ ಇಬ್ರಾಹಿಂ ರೋಜಾದಲ್ಲಿ ಒಂದು ಗೇಣು ಜಾಗ ಬಿಡದೆ ಕೆತ್ತಿದ್ದಾರೆ, ಅಕ್ಷರಗಳನ್ನೇ ಕೊರೆದು ಕಿಟಕಿ ಜಾಲಿ ಮಾಡಿದ್ದಾರೆ. ಮಗನ ಹತ್ರ ಅಷ್ಟು ಟೈಮ್ ಇರ್ಲಿಲ್ಲ, ಬಹುಶಃ ಅಷ್ಟು ತಾಳ್ಮೆನೂ ಇರ್ಲಿಲ್ಲ. ನನಗೆ ಆ ಬೋಳುತನ ಅನುಕೂಲವೇ ಆಯ್ತು, ಮೈಮೇಲೆ ಒಡವೆ ಇಲ್ಲದೆ ಇರೋದ್ರಿಂದ ಮೂಳೆ ಕಾಣತ್ತೆ.

ಮುಂದಿನ ಸಲ ಹೋದಾಗ ಹೀಗೆ ಮಾಡಿ. ಮೊದಲು ಜಾಮಿ ಮಸೀದಿಗೆ ಹೋಗಿ, ಗುಮ್ಮಟದ ಕೆಳಗೆ ನಿಂತು ಎಂಟು ಕಮಾನು ಎಣಿಸಿ, ಅಲ್ಲಿ ಎಲ್ಲಾ ಕಣ್ಣಿಗೆ ಹತ್ರ ಇದೆ. ಆಮೇಲೆ ಬಾರಾ ಕಮಾನಿಗೆ, ಎರಡನೇ ಅಲಿ ಆದಿಲ್‌ಶಾನ ಸಮಾಧಿ, ಅವನು 1672ರಲ್ಲಿ ತೀರ್ಕೊಂಡ ಮೇಲೆ ಅರ್ಧಕ್ಕೇ ನಿಂತಿದ್ದು, ಚಾವಣಿ ಇಲ್ಲ, ಕಪ್ಪು ಕಲ್ಲಿನ ಕಮಾನುಗಳು ಮಾತ್ರ ಆಕಾಶಕ್ಕೆ ನಿಂತಿವೆ, ಗುಮ್ಮಟ ಬರೋಕೆ ಮುಂಚೆ ಇಂಥ ಕಟ್ಟಡಗಳು ಹೇಗಿರ್ತಿದ್ವು ಅಂತ ಅಲ್ಲಿ ಗೊತ್ತಾಗತ್ತೆ. ಕೊನೆಗೆ ಗೋಳಗುಮ್ಮಟಕ್ಕೆ ಬೆಳಿಗ್ಗೆ ಬಾಗಿಲು ತೆಗೆದ ಕೂಡ್ಲೇ ಹೋಗಿ, ಸ್ಕೂಲ್ ಟ್ರಿಪ್ಪಿನ ಬಸ್ಸುಗಳು ಬಂದ್ಮೇಲೆ ಒಳಗೆ ಬರೀ ಕಿರುಚಾಟ. ಮಧ್ಯದ ಕಟ್ಟೆ ಹತ್ರ ಹೋಗ್ಬೇಡಿ, ಅಲ್ಲಿರೋದು ತೋರಿಕೆಯ ಗೋರಿಗಳು, ನಿಜವಾದ ಸಮಾಧಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ. ನೇರ ಒಂದು ಮೂಲೆಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತು ಎದುರಿನ ಮೂಲೆ ನೋಡಿ. ಎರಡು ಕಮಾನು ಒಂದನ್ನೊಂದು ಕತ್ತರಿಸಿ ಮೇಲೇರೋದು ಕಾಣತ್ತೆ, ಅದರ ಮೇಲೆ ಗ್ಯಾಲರಿಯ ಕಟಾಂಜನ ಹಿಡ್ಕೊಂಡು ಬಗ್ಗಿ ನೋಡ್ತಿರೋ ಜನಾನೂ ಇರುವೆ ಗಾತ್ರಕ್ಕೆ ಕಾಣ್ತಾರೆ. ಹಾಳೆ ಮೇಲೆ ಬರೆದ ನಕ್ಷತ್ರ ಮಗಳ ಕೈಯಲ್ಲೇ ಇರ್ಲಿ, ಯಾವ ಗೆರೆ ಯಾವ ಕಮಾನು ಅಂತ ಅವಳೇ ಹುಡುಕಿ ನಿಮಗೆ ತೋರಿಸ್ತಾಳೆ.